ಗುಡ್ಡದ ಮೇಲೆ ಫ್ಯಾನು, ಪಹಣಿಯಲ್ಲಿ ಖರಾಬು

ಗದಗ ಕಡೆ ಯಾರೂ ‘ಪವನ ವಿದ್ಯುತ್ ಯಂತ್ರ’ ಅನ್ನುವುದಿಲ್ಲ. ಫ್ಯಾನು ಅನ್ನುತ್ತಾರೆ. ‘ಗುಡ್ಡದ ಮ್ಯಾಲ ಫ್ಯಾನ್ ಬಂದಾವ್ರೀ’ ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ನನ್ನ ಕೆಲಸ ಈ ಫ್ಯಾನುಗಳ ಹಿಂದೆ ಅಲೆಯುವುದು. ಎಲ್ಲೆಲ್ಲಿ ನಿಲ್ಲಿಸಬೇಕು ಅಂತ ಕಂಪನಿಯವರು ನಕ್ಷೆ ಮಾಡಿಕೊಂಡು ಬರುತ್ತಾರೆ. ಅಲ್ಲಿನ ಮನೆ, ಹೊಲ, ಹಕ್ಕಿ, ಹಳ್ಳಕ್ಕೆ ಏನಾಗಬಹುದು ಅಂತ ನೋಡಿ ವರದಿ ಬರೆಯುವುದು ನನ್ನ ಪಾಲು.

ಈ ವರದಿ ನಮ್ಮ ದೇಶದಲ್ಲಿ ಕಡ್ಡಾಯ ಅಲ್ಲ ಅಂದರೆ ಎಷ್ಟೋ ಜನ ನಂಬುವುದಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಇಲ್ಲವೇ ಇಲ್ಲ. ಹಾಗಾಗಿ ಅದರಡಿ ಆಗಬೇಕಾದ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಅರಣ್ಯ ಜಮೀನು ಬೇಕಾದರೆ ಅರಣ್ಯ ಕಾಯ್ದೆಯ ಅನುಮತಿ ಬೇಕು, ಅದು ಬೇರೆ ಮಾತು. ನಮ್ಮಂಥವರನ್ನು ಕರೆಸುವುದು ಹೆಚ್ಚಾಗಿ ಸಾಲ ಕೊಡುವ ವಿದೇಶಿ ಬ್ಯಾಂಕುಗಳು ಕೇಳುತ್ತವೆ ಅಂತ. ಅಷ್ಟು ಹೊತ್ತಿಗೆ ನಕ್ಷೆ ಮುಗಿದಿರುತ್ತದೆ. ಅರ್ಧ ಜಮೀನು ರಿಜಿಸ್ಟ್ರಿಯೂ ಆಗಿರುತ್ತದೆ.

ಫ್ಯಾನು ಗುಡ್ಡದ ಮೇಲೇ ಯಾಕೆ ಬೇಕು? ಗಾಳಿಯ ಲೆಕ್ಕ ವಿಚಿತ್ರ. ವೇಗ ಎರಡು ಪಟ್ಟಾದರೆ ಅದರೊಳಗಿನ ಶಕ್ತಿ ಎಂಟು ಪಟ್ಟಾಗುತ್ತದೆ. ಸೆಕೆಂಡಿಗೆ 6 ಮೀಟರ್ ಬೀಸುವ ಗಾಳಿಗಿಂತ 7 ಮೀಟರ್ ಬೀಸುವ ಗಾಳಿಯಲ್ಲಿ ಶೇ 59ರಷ್ಟು ಜಾಸ್ತಿ ಶಕ್ತಿ. ಹಾಗಾಗಿ ಗುಡ್ಡದ ನೆತ್ತಿ ಬಿಟ್ಟು ಬುಡಕ್ಕೆ ಬನ್ನಿ ಅಂದರೆ ಇಂಜಿನಿಯರ್‌ಗೆ ಹೊಟ್ಟೆ ಉರಿಯುತ್ತದೆ. ತೊಂದರೆ ಏನೆಂದರೆ, ಇಳಿಜಾರಿಗೆ ಬಡಿದು ಮೇಲೇಳುವ ಅದೇ ಗಾಳಿ ಹದ್ದು, ಗಿಡುಗಗಳಿಗೂ ಬೇಕು. ಅವು ರೆಕ್ಕೆ ಬಡಿಯದೆ ತೇಲುವುದು ಅದರ ಮೇಲೆಯೇ.

ಮಹಾರಾಷ್ಟ್ರದ ಸಾತಾರಾ ಬಳಿ ಚಾಳಕೆವಾಡಿ ಎಂಬ ಪ್ರಸ್ಥಭೂಮಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು ಅಲ್ಲಿ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಫ್ಯಾನುಗಳಿಲ್ಲದ ಜಾಗಕ್ಕೆ ಹೋಲಿಸಿದರೆ ಫ್ಯಾನುಗಳಿದ್ದ ಜಾಗದಲ್ಲಿ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ. ಹದ್ದು ಕಡಿಮೆಯಾದಲ್ಲಿ ಓತಿಕೇತಗಳು ಹೆಚ್ಚಿದ್ದವು. ಅವುಗಳ ಹೆದರಿಕೆಯೂ ಕಡಿಮೆಯಾಗಿತ್ತು: ಮನುಷ್ಯ ಹತ್ತಿರ ಹೋದರೂ ಬೇಗ ಓಡುತ್ತಿರಲಿಲ್ಲ. ಸತ್ತ ಹಕ್ಕಿ ಎಣಿಸುವುದೇ ಅಧ್ಯಯನ ಅಂದುಕೊಂಡಿದ್ದ ನನ್ನಂಥವರಿಗೆ ಇದು ಪಾಠ. ಬುಡದಲ್ಲಿ ಒಂದೂ ಹೆಣ ಸಿಗದೇ ಇರಬಹುದು. ಹಕ್ಕಿ ಆ ಗುಡ್ಡಕ್ಕೆ ಬರುವುದನ್ನೇ ಬಿಟ್ಟಿದ್ದರೆ?

ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನನ್ನ ಮೊದಮೊದಲ ಒಂದು ವರದಿಗೆ ಹಕ್ಕಿ ಸಮೀಕ್ಷೆ ಮಾಡಿದ್ದು ಮೇ ತಿಂಗಳಲ್ಲಿ, ಒಂದು ವಾರ. ಬಿರುಬಿಸಿಲು, ಒಣಹುಲ್ಲು. ‘ಮುಖ್ಯ ಪ್ರಭೇದಗಳು ಕಂಡುಬಂದಿಲ್ಲ’ ಅಂತ ಬರೆದೆ. ಬರೆದದ್ದು ಸುಳ್ಳಲ್ಲ. ಆದರೆ ಹ್ಯಾರಿಯರ್ ಗಿಡುಗಗಳು ಮಧ್ಯ ಏಷ್ಯಾದ ಕಡೆಯಿಂದ ನಮ್ಮ ಹುಲ್ಲುಗಾವಲುಗಳಿಗೆ ಬರುವುದೇ ಚಳಿಗಾಲಕ್ಕೆ. ಮೇ ಹೊತ್ತಿಗೆ ಅವು ಊರು ಬಿಟ್ಟಿರುತ್ತವೆ. ಜಾತ್ರೆ ಮುಗಿದ ಮೇಲೆ ಹೋಗಿ ಇಲ್ಲಿ ಜನವೇ ಇಲ್ಲ ಅಂದಂತಾಯಿತು. ಈಗ ನಾಲ್ಕೂ ಕಾಲ ನೋಡದೆ ಸಹಿ ಹಾಕುವುದಿಲ್ಲ ಅಂತ ಹಟ ಹಿಡಿಯುತ್ತೇನೆ. ಅದಕ್ಕೇ ಕೆಲವು ಕೆಲಸ ಕೈ ತಪ್ಪಿವೆ ಕೂಡ.

ಹಾಗಾದರೆ ಫ್ಯಾನೇ ಬೇಡವಾ? ನಾನು ಹಾಗೆ ಹೇಳುವವನಲ್ಲ. 2 ಮೆಗಾವ್ಯಾಟ್‌ನ ಒಂದು ಫ್ಯಾನು ತನ್ನ ಸಾಮರ್ಥ್ಯದ ಶೇ 28ರಷ್ಟು ಓಡಿತು ಅಂದುಕೊಳ್ಳಿ. ವರ್ಷಕ್ಕೆ ಸುಮಾರು 49 ಲಕ್ಷ ಯುನಿಟ್. ಅಷ್ಟನ್ನು ಕಲ್ಲಿದ್ದಲಿನಿಂದ ಮಾಡಿದರೆ ಯುನಿಟ್ಟಿಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್, ಅಂದರೆ ಸುಮಾರು 4,900 ಟನ್. ಜೊತೆಗೆ ಗಣಿ, ಹೊಗೆ, ಹಾರುಬೂದಿ. ರಾಯಚೂರಿನ ಶಕ್ತಿನಗರದ ಆಚೀಚೆ ಒಂದು ದಿನ ಇದ್ದು ಬನ್ನಿ, ನಾನು ಹೇಳುವುದು ಅರ್ಥವಾಗುತ್ತದೆ.

ಆದರೆ ಈ 4,900 ಟನ್ನನ್ನು ತಂದು ಊರಿನವರ ಮುಂದೆ ಸುರಿದು ‘ನಿಮ್ಮದು ಸಣ್ಣ ತೊಂದರೆ’ ಅನ್ನುವುದಿದೆಯಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಲಾಭ ಇಡೀ ಲೋಕಕ್ಕೆ. ಸದ್ದು ನಾಲ್ಕು ಮನೆಗೆ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ನಾಲ್ಕು ಮನೆ ಯಾವತ್ತೂ ಸೋಲುತ್ತದೆ.

ಸದ್ದಿನ ವಿಷಯವನ್ನೇ ನೋಡಿ. ಕೇಂದ್ರದ 2016ರ ಮಾರ್ಗಸೂಚಿ ಪ್ರಕಾರ ವಾಸದ ಮನೆಯಿಂದ 500 ಮೀಟರ್ ಒಳಗೆ ಫ್ಯಾನು ನಿಲ್ಲಿಸುವಂತಿಲ್ಲ. ಸರಿ, ಆದರೆ ಮನೆ ಅಂದರೆ ಯಾವುದು? ನಕ್ಷೆಯಲ್ಲಿ ಕಾಣುವುದು ಗಾವಠಾಣದ, ಅಂದರೆ ಊರೊಳಗಿನ ಮನೆಗಳು. ಹೊಲದಲ್ಲಿ ತಗಡು ಹಾಕಿಕೊಂಡು ಎರಡು ಎಮ್ಮೆ ಕಟ್ಟಿಕೊಂಡಿರುವವರ ಮನೆ ಅದರಲ್ಲಿ ಇರುವುದಿಲ್ಲ. ಇನ್ನು ರಾತ್ರಿ ವಸತಿ ಪ್ರದೇಶಕ್ಕೆ 45 ಡೆಸಿಬಲ್ ಮಿತಿ. ನಾನು ಅಳೆದ ಎಷ್ಟೋ ಕಡೆ ಅದಕ್ಕಿಂತ ಕಡಿಮೆಯೇ ಬಂದಿದೆ. ಆದರೂ ಜನ ನಿದ್ದೆ ಇಲ್ಲ ಅನ್ನುತ್ತಾರೆ. ಅವರು ಸುಮ್ನೆ ಹೇಳುತ್ತಿಲ್ಲ. ಮೂರು ರೆಕ್ಕೆ, ನಿಮಿಷಕ್ಕೆ ಹದಿಮೂರು ಸುತ್ತು. ಅಂದರೆ ಒಂದೂವರೆ ಸೆಕೆಂಡಿಗೊಮ್ಮೆ ‘ಹುಶ್’. ಸಂತೆಯಲ್ಲಿ ಅದು ಕೇಳಿಸುವುದೂ ಇಲ್ಲ. ಹೊಲದ ಮನೆಯಲ್ಲಿ, ರಾತ್ರಿ ಎರಡು ಗಂಟೆಗೆ, ಮುಂದಿನ ‘ಹುಶ್’ ಯಾವಾಗ ಅಂತ ಕಿವಿ ಕಾಯುತ್ತಾ ಕೂರುತ್ತದೆ. ನಾನೂ ಒಂದು ರಾತ್ರಿ ಅಂಥ ಮನೆಯ ಕಟ್ಟೆ ಮೇಲೆ ಮಲಗಿದ್ದೆ. ಬೆಳಗ್ಗೆ ಆ ಮನೆಯ ಅಜ್ಜಿ ಚಹಾ ಕೊಡುತ್ತಾ, ‘ನಿದ್ದಿ ಹತ್ತಿತೇನೋ ತಮ್ಮಾ?’ ಅಂತ ಕೇಳಿ ನಕ್ಕರು.

ಫ್ಯಾನು ಇದ್ದ ಜಮೀನಿನ ಮಾಲೀಕರಿಗೆ ದುಡ್ಡು ಬಂದಿತ್ತು. ಅವರು ಇರುವುದು ಹುಬ್ಬಳ್ಳಿಯಲ್ಲಿ. ಅಜ್ಜಿಯ ಹೊಲ ಪಕ್ಕದ ಸರ್ವೆ ನಂಬರ್, ಅವರಿಗೆ ಬಿಡಿಗಾಸಿಲ್ಲ. ಡೆನ್ಮಾರ್ಕ್‌ನಲ್ಲಿ ಕೆಲವು ವರ್ಷ ಒಂದು ನಿಯಮ ಇತ್ತು: ಹೊಸ ಯೋಜನೆಯ ಶೇ 20ರಷ್ಟು ಪಾಲನ್ನು ಸುತ್ತಲಿನವರು ಕೊಳ್ಳಲು ಬಿಡಬೇಕು, 4.5 ಕಿಲೋಮೀಟರ್ ಒಳಗಿದ್ದವರಿಗೆ ಮೊದಲ ಅವಕಾಶ. ಆಮೇಲೆ ಅದನ್ನು ಬದಲಿಸಿ ವರ್ಷಕ್ಕಿಷ್ಟು ಅಂತ ಹಣ ಕೊಡುವ ಪದ್ಧತಿ ತಂದರು. ನಮ್ಮಲ್ಲಿ ಫ್ಯಾನಿನ ಲೆಕ್ಕ ಸರ್ವೆ ನಂಬರಿನ ಗಡಿಗೇ ನಿಂತುಬಿಡುತ್ತದೆ.

ಮಳೆಯ ಮಾತು ಹೇಳದೆ ಮುಂದೆ ಹೋದರೆ ಓದುವವರು ಬಿಡುವುದಿಲ್ಲ. ‘ಫ್ಯಾನು ಮೋಡ ಓಡಿಸ್ತಾವ್ರೀ’ ಎಂಬ ದೂರು ಚಿತ್ರದುರ್ಗದಲ್ಲೂ ಕೇಳಿದ್ದೇನೆ, ಗದಗದಲ್ಲೂ ಕೇಳಿದ್ದೇನೆ. ರೆಕ್ಕೆಯ ತುದಿ ನೆಲದಿಂದ ನೂರೈವತ್ತು, ಇನ್ನೂರು ಮೀಟರ್ ಎತ್ತರ. ಮಳೆ ಮೋಡಗಳು ದಟ್ಟವಾಗಿ ಬೆಳೆಯುವುದು ಕಿಲೋಮೀಟರ್‌ಗಟ್ಟಲೆ ಮೇಲಕ್ಕೆ. ಓಡಿಸುವ ಪ್ರಶ್ನೆ ಬರುವುದಿಲ್ಲ. ಆದರೆ ಈ ಮಾತು ಜೋರಾಗಿ ಕೇಳಿಬರುವ ಊರುಗಳಲ್ಲೆಲ್ಲ, ಕಂಪನಿಯವರು ಒಮ್ಮೆಯೂ ಊರವರ ಜೊತೆ ಕೂತು ಮಾತಾಡಿಲ್ಲ ಎನ್ನುವುದನ್ನು ಗಮನಿಸಿದ್ದೇನೆ.

ಫ್ಯಾನಿನ ಬುಡಕ್ಕೆ ಹಿಡಿಯುವ ಜಾಗ ಚಿಕ್ಕದು. ಎಲ್ಲ ಜಾಹೀರಾತಿನಲ್ಲೂ ಅದನ್ನೇ ತೋರಿಸುತ್ತಾರೆ: ಸುತ್ತ ಸೂರ್ಯಕಾಂತಿ, ನಡುವೆ ಬಿಳಿ ಕಂಬ. ಗುಡ್ಡ ಕೆಡುವುದು ದಾರಿಯಿಂದ. ಅರವತ್ತು ಮೀಟರ್ ಉದ್ದದ ರೆಕ್ಕೆ ಹೊತ್ತ ಟ್ರೇಲರ್ ತಿರುವಿನಲ್ಲಿ ತಿರುಗಬೇಕು. ದೊಡ್ಡ ಕ್ರೇನ್ ಹತ್ತಬೇಕು. ಅದಕ್ಕೆ ಇಳಿಜಾರನ್ನು ಕಡಿದು, ಬಂದ ಮಣ್ಣನ್ನು ಪಕ್ಕಕ್ಕೆ ದೂಡುತ್ತಾರೆ. ಮೊದಲ ಮುಂಗಾರಿಗೆ ಆ ಮಣ್ಣು ಹಳ್ಳಕ್ಕೆ, ಅಲ್ಲಿಂದ ಕೆರೆಗೆ. ಮೇಲಿನ ಫ್ಯಾನಿಗೂ ಕೆಳಗಿನ ಕೆರೆ ಹೂಳಿಗೂ ಸಂಬಂಧ ಇದೆ ಅಂತ ವರದಿಯಲ್ಲಿ ಬರೆದರೆ, ‘ಇದು ನಮ್ಮ ವ್ಯಾಪ್ತಿಯ ಹೊರಗೆ’ ಅಂತ ಉತ್ತರ ಬರುತ್ತದೆ. ದಾರಿ ಬಂತೆಂದರೆ ಟ್ರ್ಯಾಕ್ಟರ್‌ಗಳೂ ಬರುತ್ತವೆ, ಮರಳಿಗೆ, ಕಲ್ಲಿಗೆ, ಸೌದೆಗೆ. ಗದಗ, ಮುಂಡರಗಿ, ಶಿರಹಟ್ಟಿ ಕಡೆ ಹಬ್ಬಿರುವ, ಔಷಧಿ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡದ 244 ಚದರ ಕಿಲೋಮೀಟರ್ 2019ರಲ್ಲಿ ವನ್ಯಜೀವಿ ಧಾಮವಾಯಿತು. ಆದರೆ ಫ್ಯಾನುಗಳು ಅದಕ್ಕೂ ಮೊದಲೇ ಆ ಗುಡ್ಡಸಾಲು ಹತ್ತಿದ್ದವು. ಧಾಮ ಘೋಷಿಸಿದ ಮಾತ್ರಕ್ಕೆ ಕಡಿದ ಇಳಿಜಾರು ಮತ್ತೆ ಹುಲ್ಲು ಹೊದೆಯುವುದಿಲ್ಲ.

ಆಮೇಲೆ ತಂತಿ. ಪ್ರತಿ ಫ್ಯಾನಿನಿಂದ ಸಬ್‌ಸ್ಟೇಷನ್‌ವರೆಗೆ ಸಾಮಾನ್ಯವಾಗಿ 33 ಕೆವಿ ಲೈನು ಕಂಬಗಳ ಮೇಲೆ ಹೋಗುತ್ತದೆ. ಟವರ್ ಬುಡಕ್ಕೂ ತಂತಿ ಕೆಳಗಿನ ಜಮೀನಿನ ಪಟ್ಟಿಗೂ ಪರಿಹಾರ ಕೊಡಬೇಕು ಅಂತ ಕೇಂದ್ರ 2015ರಲ್ಲಿ ಮಾರ್ಗಸೂಚಿ ತಂದಿತು. ಆದರೆ ಅದು 66 ಕೆವಿ ಮತ್ತು ಅದಕ್ಕಿಂತ ಮೇಲಿನ ಲೈನುಗಳಿಗೆ. 33 ಕೆವಿ ಕಂಬ ಹೊಲದ ನಟ್ಟನಡುವೆ ನಿಂತ ರೈತನಿಗೆ ಏಜೆಂಟ್ ಹೇಳಿದ್ದೇ ರೇಟು. ಒಂದೇ ಬದುವಿನ ಆಚೀಚೆ ಇಬ್ಬರಿಗೆ ಬೇರೆ ಬೇರೆ ದುಡ್ಡು ಸಿಕ್ಕಿ, ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನೋಡಿದ್ದೇನೆ. ದೊಡ್ಡ ಹಕ್ಕಿಗಳಿಗೂ ತಂತಿಯೇ ಯಮ. ಎರ್ಲಡ್ಡು ಹಕ್ಕಿಗೆ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಮುಂದೆ ಇರುವುದು ಸರಿಯಾಗಿ ಕಾಣುವುದಿಲ್ಲ, ಹಾರುತ್ತಾ ಬಂದು ಬಡಿಯುತ್ತದೆ. ಅದರ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಗಿದೆ. ನಮ್ಮ ಸಿರುಗುಪ್ಪ ಕಡೆ ಕೈಬೆರಳೆಣಿಕೆಯಷ್ಟು ಉಳಿದಿವೆ.

ಇನ್ನು ಖರಾಬು. ಒಂದು ಯೋಜನೆಯಲ್ಲಿ 14ನೇ ನಂಬರ್ ಫ್ಯಾನಿಗೆ ಗುರುತಿಸಿದ ಜಾಗ ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಮೀನು. ಕಂಪನಿಯ ಪಟ್ಟಿಯಲ್ಲಿ ‘ಖಾಲಿ, ತಕರಾರು ಇಲ್ಲ’. ನಾನು ಹೋದಾಗ ಜುಲೈ. ಮುನ್ನೂರು ಕುರಿ ಮೇಯುತ್ತಿದ್ದವು. ಪಕ್ಕದಲ್ಲಿ ಮಳೆನೀರು ನಿಂತ ಸಣ್ಣ ಹೊಂಡ. ಕುರಿ ಕಾಯುವವರು ಕಂಬಳಿ ಹೊದ್ದು ಕೂತಿದ್ದರು.

‘ವರ್ಷಾ ಬರ್ತೀರೇನು ಇಲ್ಲಿಗೆ?’ ಅಂದೆ.

‘ನಮ್ಮಪ್ಪನೂ ಬರ್ತಿದ್ದ್ರೀ. ಮಳಿಗಾಲದಾಗ ಹೊಲದಾಗ ಪೀಕು ಇರತೈತಿ, ಕುರಿ ಎಲ್ಲಿ ಬಿಡೂದ್ರೀ? ನಾಕ್ ತಿಂಗಳು ಇದ ಗುಡ್ಡ.’

ಮಳೆಗಾಲದಲ್ಲೇ ಗಾಳಿ ಜೋರು, ಫ್ಯಾನಿಗೆ ಸುಗ್ಗಿ. ಅದೇ ತಿಂಗಳುಗಳಲ್ಲಿ ಅವರಿಗೆ ಬೇರೆ ದಾರಿ ಇಲ್ಲ. ಅವರ ಹೆಸರು ಯಾವ ಪಹಣಿಯಲ್ಲೂ ಇಲ್ಲ, ಹಾಗಾಗಿ ತಕರಾರೂ ಇಲ್ಲ.

ಫ್ಯಾನನ್ನು ನಾನೂರು ಮೀಟರ್ ಆಚೆ ಸರಿಸಿ ಅಂತ ಬರೆದೆ. ಅಲ್ಲಿ ಗಾಳಿಯ ಸರಾಸರಿ ವೇಗ 7ರ ಬದಲು 6.8. ಶಕ್ತಿಯಲ್ಲಿ ಶೇ 8ರಷ್ಟು ಕಡಿಮೆ, ಅದೂ ಒಂದೇ ಫ್ಯಾನಿಗೆ. ಹೊಂಡ ಉಳಿಯುತ್ತದೆ, ದಾರಿಯೂ ಗುಡ್ಡದ ಬೆನ್ನು ಕಡಿಯದೆ ಹೋಗುತ್ತದೆ. ವಾರಗಟ್ಟಲೆ ಇಮೇಲ್‌ನಲ್ಲಿ ಜಗಳವಾಯಿತು. ಕೊನೆಗೆ ಬ್ಯಾಂಕಿನವರು ಕೇಳಿದ್ದಕ್ಕೆ ಕಂಪನಿಯವರು ಒಪ್ಪಿದರು.

ವರದಿಯ ಕೋಷ್ಟಕದಲ್ಲಿ ‘ಖರಾಬು’ ಅಂತ ಇದ್ದ ಕಡೆ ‘ಕುರಿ ಮೇಯುವ ಜಾಗ, ಜೂನ್‌ನಿಂದ ಸೆಪ್ಟೆಂಬರ್, ನೀರಿದೆ’ ಅಂತ ತಿದ್ದಿ ಕಳಿಸಿದೆ. ಮರುದಿನ ಕಂಪನಿಯ ಹುಡುಗನೊಬ್ಬ ಫೋನ್ ಮಾಡಿದ. ‘ಸರ್, ಇಲ್ಲಿ ಮಾಲೀಕರ ಹೆಸರು ಖಾಲಿ ಇದೆ. ಏನಂತ ತುಂಬಲಿ?’