ಎಕ್ಸ್‌ರೇಯಲ್ಲಿ ಸವೆತ ಕಂಡರೆ ಕುತ್ತಿಗೆ ಕಟ್ಟಿ ಹಾಕಬೇಕಾ?

“ಕುತ್ತಿಗಿ ಎಲುಬು ಸವದಾವಂತ್ರಿ.” ಕಲಬುರಗಿಯ ಫಿಸಿಯೋಥೆರಪಿ ಕ್ಲಿನಿಕ್ಕುಗಳಲ್ಲಿ ಸಿಗುವ ಹಿರಿಯರು ಮಾತು ಶುರು ಮಾಡುವುದೇ ಹೀಗೆ. ಕೈಯಲ್ಲಿ ಎಕ್ಸ್‌ರೇ ಕವರ್, ಕೊರಳಿಗೆ ಪಟ್ಟಿ, ಮುಖದಲ್ಲಿ ಗಾಬರಿ. ಅಷ್ಟು ಗಾಬರಿ ಬೇಕಿಲ್ಲ. 60 ದಾಟಿದವರಲ್ಲಿ ನೋವೇ ಇಲ್ಲದವರ ಎಕ್ಸ್‌ರೇ ತೆಗೆದರೂ ಬಹಳಷ್ಟು ಮಂದಿಗೆ ಸವೆತ ಕಾಣುತ್ತದೆ. ಸವೆತ ಜಾಸ್ತಿ ಇದ್ದವರಿಗೆ ನೋವೂ ಜಾಸ್ತಿ ಇರಲೇಬೇಕು ಅಂತಿಲ್ಲ.

ಕುತ್ತಿಗೆಯಲ್ಲಿ ಇರುವುದು ಎಲುಬಿನ 7 ಮಣಿಗಳು. ಮೇಲಿನ ಎರಡರ ನಡುವೆ ಡಿಸ್ಕ್, ಅಂದರೆ ಮಣಿಗಳ ನಡುವಿನ ಮೆತ್ತೆ, ಇಲ್ಲ. ನಾವು ತಲೆಯನ್ನು ಆಚೀಚೆ ತಿರುಗಿಸುವುದರಲ್ಲಿ ಹೆಚ್ಚುಕಡಿಮೆ ಅರ್ಧ ನಡೆಯುವುದು ಅಲ್ಲೇ. ಉಳಿದ ಮಣಿಗಳ ನಡುವೆ ಡಿಸ್ಕುಗಳಿವೆ. ವಯಸ್ಸಾದಂತೆ ಅವುಗಳ ನೀರಿನಂಶ ಇಳಿಯುತ್ತದೆ, ದಪ್ಪ ಕಡಿಮೆಯಾಗುತ್ತದೆ, ಮಣಿಗಳ ಅಂಚಿನಲ್ಲಿ ಹೊಸ ಎಲುಬು ಚೂರುಚೂರೇ ಬೆಳೆಯುತ್ತದೆ. 5, 6, 7ನೇ ಮಣಿಗಳ ನಡುವೆ ಇದು ಜಾಸ್ತಿ. ಡಾಕ್ಟರು ಚೀಟಿಯಲ್ಲಿ ಬರೆಯುವ ಸರ್ವೈಕಲ್ ಸ್ಪಾಂಡಿಲೋಸಿಸ್ ಇದೇ.

ಫಿಸಿಯೋಥೆರಪಿಯಿಂದ ಸವೆದ ಎಲುಬು ಮತ್ತೆ ಮೊದಲಿನಂತಾಗುವುದಿಲ್ಲ. ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದರ ಕೆಲಸ ಇರುವುದು ಸ್ನಾಯುಗಳ ಜೊತೆ. ನೋವಿಗೆ ಹೆದರಿ ಕುತ್ತಿಗೆ ಅಲುಗಿಸದೆ ಕೂತರೆ ಸ್ನಾಯುಗಳು ಸೊರಗುತ್ತವೆ, ಬಿಗಿತ ಇನ್ನೂ ಏರುತ್ತದೆ. ಪಟ್ಟಿಯನ್ನು ತಿಂಗಳುಗಟ್ಟಲೆ ಹಾಕಿಕೊಂಡವರ ಕಥೆಯೂ ಇದೇ. ನೋವು ಜೋರಾಗಿರುವಾಗ ಒಂದೆರಡು ದಿನಕ್ಕೆ ಸರಿ, ಆಮೇಲೆ ತೆಗೆದಿಡುವುದೇ ಒಳ್ಳೆಯದು.

ನಮ್ಮ ಕಡೆ ರೊಟ್ಟಿ ಬಡಿಯುವವರನ್ನು ನೋಡಿ. ನೆಲದ ಮೇಲೆ ಕೂತು, ಬೆನ್ನು ಬಾಗಿಸಿ, ಗದ್ದ ಮುಂದೆ ಚಾಚಿ, ಒಂದರ ಹಿಂದೆ ಒಂದು ಜೋಳದ ರೊಟ್ಟಿ. ತಲೆಯ ತೂಕ ಸುಮಾರು 5 ಕಿಲೋ. ಅದು ಮುಂದಕ್ಕೆ ಬಂದಷ್ಟೂ ಹಿಂದಿನ ಸ್ನಾಯುಗಳು ಜಗ್ಗಿ ಹಿಡಿಯಬೇಕು. ತೊಗರಿಬೇಳೆ ಹಸನು ಮಾಡುವವರಿಗೂ, ಮೊಬೈಲ್ ನೋಡುತ್ತಾ ಕೂರುವ ಮೊಮ್ಮಕ್ಕಳಿಗೂ ಇದೇ ಲೆಕ್ಕ. ರೊಟ್ಟಿ ಬಿಡಿ ಅಂದರೆ ಯಾರು ಕೇಳುತ್ತಾರೆ? ಬಡಿಯುವ ಜಾಗ ಎತ್ತರವಾಗಿರಲಿ, ನಡುನಡುವೆ ಎದ್ದು ಭುಜ ತಿರುಗಿಸಲಿ. ಅಷ್ಟಾದರೂ ಆಗುತ್ತದಲ್ವಾ.

ಕಸರತ್ತಿನಲ್ಲಿ ನನಗೆ ಹಿಡಿಸಿದ್ದು ಗದ್ದ ಒಳಗೆಳೆಯುವುದು. ನೆಟ್ಟಗೆ ಕೂತು, ಎದುರಿಗೇ ನೋಡುತ್ತಾ, ತಲೆ ಬಗ್ಗಿಸದೆ ಗದ್ದವನ್ನು ನೇರ ಹಿಂದಕ್ಕೆ ಸರಿಸಬೇಕು. ಗದ್ದದ ಕೆಳಗೆ ಮಡಿಕೆ ಬೀಳುತ್ತದೆ, ಬುರುಡೆಯ ಬುಡದಲ್ಲಿ ಸಣ್ಣಗೆ ಜಗ್ಗಿದಂತಾಗುತ್ತದೆ. 5 ಸೆಕೆಂಡು ಹಿಡಿದು ಬಿಡಿ, 10 ಸಲ ಮಾಡಿ. ನೋಡಿದವರಿಗೆ ನಗು ಬರಬಹುದು. ಆದರೆ ಕುತ್ತಿಗೆಯ ಮುಂಭಾಗದಲ್ಲಿ, ಒಳಗೆ ಸುಮ್ನೆ ಕೂತಿದ್ದ ಸ್ನಾಯುಗಳು ಎಚ್ಚರಾಗುವುದು ಇದರಿಂದಲೇ. ಆಮೇಲೆ ಅಂಗೈಯನ್ನು ಹಣೆಗೆ ಒತ್ತಿ, ತಲೆ ಕದಲದಂತೆ ಹಣೆಯಿಂದ ಎದುರು ಒತ್ತುವುದು. ಹಾಗೆಯೇ ಎಡಕ್ಕೆ, ಬಲಕ್ಕೆ, ಹಿಂದಕ್ಕೆ. ಭುಜದ ಹಲಗೆಗಳನ್ನು ಹಿಂದೆ ಸೇರಿಸುವುದೂ ಬೇಕು. ಬಿಸಿ ಕಾವು ಆರಾಮ ಕೊಡುತ್ತದೆ, ಅಷ್ಟೇ. ಎರಡೇ ದಿನದಲ್ಲಿ ಗುಣ ಕಾಣುವುದಿಲ್ಲ, ಕೆಲವು ವಾರ ಬೇಕು. ನೋವು ಇಳಿದ ದಿನವೇ ಬಿಟ್ಟುಬಿಡುವವರೇ ಜಾಸ್ತಿ.

ಕಟಿಂಗ್ ಅಂಗಡಿಯಲ್ಲಿ ಕುತ್ತಿಗೆ ಲಟಕ್ ಅನ್ನಿಸಿಕೊಳ್ಳುವುದು ಮಾತ್ರ ಬೇಡವೇ ಬೇಡ. ಮಿದುಳಿಗೆ ರಕ್ತ ಒಯ್ಯುವ ನಾಳಗಳಲ್ಲಿ ಎರಡು ಈ ಮಣಿಗಳ ರಂಧ್ರಗಳಲ್ಲೇ ಹಾದುಹೋಗುತ್ತವೆ. ಜೋರಾಗಿ ತಿರುಚಿದಾಗ ಅವು ಹರಿದು, ಅಪರೂಪಕ್ಕೆ ಪಾರ್ಶ್ವವಾಯು ಆದದ್ದೂ ಇದೆ.

ಕೆಲವರಿಗೆ ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತವೆ, ನಡೆಯುವಾಗ ಜೋಲಿ ಹೊಡೆಯುತ್ತದೆ, ಮೂತ್ರ ಹಿಡಿತಕ್ಕೆ ಸಿಗುವುದಿಲ್ಲ. ಬೆನ್ನುಹುರಿಯೇ ಒತ್ತಿಕೊಂಡಿರಬಹುದು. ಅಂಥವರನ್ನು ತಡಮಾಡದೆ ಡಾಕ್ಟರ ಹತ್ತಿರ ಕರೆದೊಯ್ಯಬೇಕು, ಕಸರತ್ತು ಆಮೇಲೆ.