ಬರೆಯುವವರು ಸಣ್ಣದೆಂದು ಬಿಟ್ಟ ವಿಷಯಕ್ಕೇ ಓದುಗರಿದ್ದಾರೆ

ಕನ್ನಡದಲ್ಲಿ ಬರೆಯುವ ವೈದ್ಯರು, ವಕೀಲರು, ಕೃಷಿಕರು ಮತ್ತು ಅಧ್ಯಾಪಕರ ಬ್ಲಾಗ್ ಬರಹಗಳನ್ನು ತಿದ್ದಿಕೊಡುವುದು ಮತ್ತು ಅವು ಬೇಕಾದವರ ಕೈಗೆ ಸಿಗುವಂತೆ ಮಾಡುವುದು ನನ್ನ ಕೆಲಸ. ಬಂದವರೆಲ್ಲರೂ ಮೊದಲು ಕೇಳುವುದು ಓದುಗರ ಸಂಖ್ಯೆಯನ್ನು ಹೆಚ್ಚಿಸುವುದು ಹೇಗೆ ಎಂದು. ಉತ್ತರ ಹೇಳುವ ಮೊದಲು ನಾನು ಅವರ ಹಳೆಯ ಬರಹಗಳ ಶೀರ್ಷಿಕೆಗಳನ್ನು ಒಂದೊಂದಾಗಿ ಓದುತ್ತೇನೆ. ‘ಕೃಷಿ ಮತ್ತು ನಮ್ಮ ಸಂಸ್ಕೃತಿ’, ‘ಮಹಿಳೆ ಮತ್ತು ಕಾನೂನು’, ‘ಆರೋಗ್ಯವೇ ಭಾಗ್ಯ’, ‘ಶಿಕ್ಷಣ: ಒಂದು ಚಿಂತನೆ’ ಎಂಬಂಥವೇ ಸಾಲುಸಾಲಾಗಿ ಸಿಗುತ್ತವೆ. ಭಾಷೆ ಶುದ್ಧವಾಗಿರುತ್ತದೆ, ಉದ್ದೇಶವೂ ಒಳ್ಳೆಯದೇ; ಆದರೆ ಈ ಬರಹವನ್ನು ಹುಡುಕಿಕೊಂಡು ಬರುವ ಮನುಷ್ಯ ಯಾರು ಎಂದು ಕೇಳಿದರೆ ಬರೆದವರ ಬಳಿಯೇ ಉತ್ತರವಿರುವುದಿಲ್ಲ. ವಿಷಯ ವಿಶಾಲವಾದಷ್ಟೂ ಓದುಗರು ಹೆಚ್ಚುತ್ತಾರೆ ಎಂಬ ನಂಬಿಕೆ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದನ್ನು ಬಿಡಿಸುವುದರಲ್ಲಿಯೇ ನನ್ನ ಹೆಚ್ಚಿನ ಸಮಯ ಹೋಗುತ್ತದೆ. ಬ್ಲಾಗ್ ತೆರೆಯುವುದು, ಚಿತ್ರ ಸೇರಿಸುವುದು, ಪ್ಯಾರಾಗಳನ್ನು ಚಿಕ್ಕದಾಗಿ ಇಡುವುದು ಇತ್ಯಾದಿಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅವು ಎಲ್ಲರಿಗೂ ಬೇಗ ಬರುತ್ತವೆ. ಎಷ್ಟು ಹೇಳಿದರೂ ತಲೆಗೆ ಹೋಗದಿರುವುದು ಒಂದೇ: ಸಣ್ಣ, ಖಚಿತ ವಿಷಯಕ್ಕೇ ಓದುಗರು ಬರುತ್ತಾರೆ ಎಂಬುದು.

ತೀರ್ಥಹಳ್ಳಿ ಕಡೆಯ ಹಿರಿಯ ಅಡಿಕೆ ಬೆಳೆಗಾರರೊಬ್ಬರು ತಮ್ಮ ಬರಹಗಳ ಪ್ರಿಂಟ್ ತೆಗೆಸಿಕೊಂಡು ನನ್ನಲ್ಲಿಗೆ ಬಂದಿದ್ದರು. ಮುಂಗಾರು ಆಗಷ್ಟೇ ಹಿಡಿದಿತ್ತು. ನಾವು ಮಾತನಾಡುತ್ತಿರುವಾಗಲೇ ಅವರಿಗೆ ಊರಿನಿಂದ ಫೋನು ಬಂತು. ಆ ಕಡೆಯವರು ಜೋರಾಗಿ ಮಾತನಾಡುತ್ತಿದ್ದುದರಿಂದ ನನಗೂ ಕೇಳಿಸಿತು: “ಬೋರ್ಡೋಗೆ ಸುಣ್ಣ ಸಾಕಾಯ್ತಾ ಇಲ್ವಾ ಅಂತ ಗೊತ್ತಾಗೋದು ಹೆಂಗೆ ಮಾರಾಯ್ರೇ?” ಬೋರ್ಡೋ ಎಂದರೆ ಅಡಿಕೆಯ ಕೊಳೆರೋಗ ತಡೆಯಲು ಸಿಂಪಡಿಸುವ ಮೈಲುತುತ್ತ ಮತ್ತು ಸುಣ್ಣದ ದ್ರಾವಣ. ಇವರು ಕುರ್ಚಿಯಿಂದ ಎದ್ದು ನಿಂತು ವಿವರಿಸತೊಡಗಿದರು. ಒಂದು ಕೆ.ಜಿ. ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಐವತ್ತು ಲೀಟರ್ ನೀರಿನಲ್ಲಿ ಬೇರೆಯಾಗಿ, ಒಂದು ಕೆ.ಜಿ. ಸುಣ್ಣವನ್ನು ಐವತ್ತು ಲೀಟರ್ ನೀರಿನಲ್ಲಿ ಬೇರೆಯಾಗಿ ಕರಗಿಸಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕದಡಬೇಕೇ ಹೊರತು ಸುಣ್ಣವನ್ನು ತುತ್ತಕ್ಕೆ ಹೊಯ್ಯಬಾರದು. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಆಗಬಹುದು. ಬಳಿಕ ಚೆನ್ನಾಗಿ ಉಜ್ಜಿ ಹೊಳಪು ಬರಿಸಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಎತ್ತಿ ನೋಡಬೇಕು, ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ನೋಡಬೇಕು. ಕಲಸಿದ್ದನ್ನು ಅದೇ ದಿನ ಹೊಡೆದು ಮುಗಿಸಬೇಕು, ಮರುದಿನಕ್ಕೆ ಇಡಬಾರದು. ಫೋನು ಕೆಳಗಿಟ್ಟ ಮೇಲೆ ಅವರು ಸಂಕೋಚದಿಂದ “ಕ್ಷಮಿಸಿ, ಮಳೆ ಹಿಡಿಯಿತೆಂದರೆ ದಿನಾ ಇದೇ ಫೋನುಗಳು” ಎಂದರು. ಇದನ್ನು ಬರೆದಿದ್ದೀರಾ ಎಂದು ಕೇಳಿದೆ. “ಇದೇನು ಬರೆಯುವಂಥ ವಿಷಯವೇ?” ಎಂದು ಅವರು ನಿಜವಾಗಿಯೂ ಆಶ್ಚರ್ಯಪಟ್ಟರು.

ಅವರ ಕೈಯಲ್ಲಿದ್ದ ಪ್ರಿಂಟಿನಲ್ಲಿ ಮೊದಲನೆಯ ಲೇಖನ ‘ಅನ್ನದಾತನ ಅಳಲು’ ಎಂದಿತ್ತು. ಅದರಲ್ಲಿದ್ದ ಯಾವ ಮಾತನ್ನೂ ತಪ್ಪೆನ್ನಲಾಗದು, ಆದರೆ ಅಡಿಕೆ ತೋಟವನ್ನೇ ನೋಡದವರೂ ಅದನ್ನು ಬರೆಯಬಹುದಾಗಿತ್ತು. ಅವರೇ ಬರೆಯಬೇಕಾದದ್ದು, ಅವರಲ್ಲದೆ ಬೇರೆಯವರು ಅಷ್ಟು ಚೆನ್ನಾಗಿ ಬರೆಯಲಾಗದ್ದು, ಆಗಷ್ಟೇ ಫೋನಿನಲ್ಲಿ ಹೇಳಿ ಮುಗಿಸಿದ ಉತ್ತರ. ನನ್ನಲ್ಲಿಗೆ ಬರುವ ಬಹುತೇಕ ಎಲ್ಲರ ಕಥೆಯೂ ಹೀಗೆಯೇ ಇರುತ್ತದೆ. ಒಳ್ಳೆಯ ಸರಕು ಫೋನಿನಲ್ಲಿ, ಕ್ಲಿನಿಕ್ಕಿನಲ್ಲಿ, ಕಚೇರಿಯ ಮೇಜಿನ ಮುಂದೆ ಖರ್ಚಾಗಿ ಹೋಗುತ್ತದೆ, ಬರೆಯಲು ಕೂತಾಗ ಉಳಿಯುವುದು ಭಾಷಣ ಮಾತ್ರ.

ಜಾಲದಲ್ಲಿ ಅಪರಿಚಿತ ಓದುಗ ಬರುವುದು ಹೇಗೆಂದು ಸ್ವಲ್ಪ ಯೋಚಿಸಿದರೆ ಇದು ಸ್ಪಷ್ಟವಾಗುತ್ತದೆ. ಪತ್ರಿಕೆಯನ್ನು ಕೊಂಡವನು ಪುಟ ತಿರುವುವಾಗ ‘ಅನ್ನದಾತನ ಅಳಲು’ ಕಣ್ಣಿಗೆ ಬಿದ್ದು ಓದಬಹುದು, ಏಕೆಂದರೆ ಪತ್ರಿಕೆ ಹೇಗೂ ಅವನ ಕೈಯಲ್ಲಿದೆ. ಬ್ಲಾಗಿಗೆ ಬರುವವನು ಹಾಗೆ ಬರುವುದಿಲ್ಲ. ಅವನ ತೋಟದಲ್ಲಿ ಕಾಯಿ ಉದುರುತ್ತಿದೆ, ಸ್ಪ್ರೇ ಮಾಡುವ ಆಳು ನಾಳೆ ಬರುತ್ತಾನೆ, ಡ್ರಮ್ಮಿನಲ್ಲಿ ದ್ರಾವಣದ ಬಣ್ಣ ಸರಿಯಿಲ್ಲವೆಂಬ ಅನುಮಾನ ಬಂದಿದೆ; ಆಗ ಮೊಬೈಲು ತೆಗೆದು ತನ್ನ ಪ್ರಶ್ನೆಯನ್ನು ತನ್ನದೇ ಮಾತಿನಲ್ಲಿ ಟೈಪ್ ಮಾಡುತ್ತಾನೆ ಅಥವಾ ಮೈಕ್ ಒತ್ತಿ ಹೇಳುತ್ತಾನೆ. ಆ ಪ್ರಶ್ನೆಗೆ ನೇರವಾದ ಉತ್ತರ ಕನ್ನಡದಲ್ಲಿ ಎಲ್ಲಿದೆಯೋ ಅಲ್ಲಿಗೆ ಹೋಗುತ್ತಾನೆ. ‘ಕೃಷಿ ಮತ್ತು ಸಂಸ್ಕೃತಿ’ ಎಂದು ಯಾವ ರೈತನೂ ರಾತ್ರಿ ಹತ್ತು ಗಂಟೆಗೆ ಹುಡುಕುವುದಿಲ್ಲ. ಇಂಗ್ಲಿಷಿನಲ್ಲಿ ಯಾವ ಸಣ್ಣ ಪ್ರಶ್ನೆಗೂ ಉತ್ತರ ಕೊಟ್ಟವರು ಬಹಳ ಮಂದಿ ಇರುವುದರಿಂದ ಹೊಸಬರ ಬರಹ ಮೇಲೆ ಬರುವುದು ಕಷ್ಟ; ಕನ್ನಡದಲ್ಲಿ ಎಷ್ಟೋ ಪ್ರಶ್ನೆಗಳಿಗೆ ಒಂದೂ ಒಳ್ಳೆಯ ಉತ್ತರ ಇಲ್ಲದ ಕಾರಣ, ಶ್ರದ್ಧೆಯಿಂದ ಬರೆದ ಒಂದೇ ಲೇಖನ ವರ್ಷಗಟ್ಟಲೆ ಓದುಗರನ್ನು ತರಬಲ್ಲದು.

ಇಲ್ಲಿಗೆ ಬರುವಾಗ ಎಲ್ಲರೂ ಒಂದೇ ಆಕ್ಷೇಪ ಎತ್ತುತ್ತಾರೆ: ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ, ಪುಸ್ತಕದಲ್ಲಿ ಇದೆಯಲ್ಲ. ಇದೆ, ನಿಜ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಅಧ್ಯಯನ ಮಾಡಿ ವಿವರಿಸಿದ್ದು 1910ರಲ್ಲಿ. ಬೋರ್ಡೋ ಸಿಂಪಡಣೆಯ ಸಲಹೆಯೂ ಆ ಕಾಲದ್ದೇ. ನೂರು ವರ್ಷ ದಾಟಿದ ಮೇಲೂ ಪ್ರತಿ ಜೂನ್ ತಿಂಗಳಿನಲ್ಲಿ ಅದೇ ಫೋನುಗಳು ಬರುತ್ತಿವೆಯೆಂದರೆ, ಜ್ಞಾನ ಪುಸ್ತಕದಲ್ಲಿ ಇರುವುದು ಬೇರೆ, ಬೇಕಾದವನಿಗೆ ಬೇಕಾದ ಹೊತ್ತಿಗೆ ಅವನ ಮಾತಿನಲ್ಲಿ ಸಿಗುವುದು ಬೇರೆ. ಪ್ರತಿ ವರ್ಷ ತೋಟದ ಹೊಣೆ ಹೊಸದಾಗಿ ಹೊತ್ತವರು ಇರುತ್ತಾರೆ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದವರು ಇರುತ್ತಾರೆ, ಅಪ್ಪನನ್ನು ಕೇಳೋಣವೆಂದರೆ ಅಪ್ಪ ಇಲ್ಲದವರೂ ಇರುತ್ತಾರೆ. ಅವರಿಗೆ ಕತ್ತಿಯ ಅಲಗಿನ ಪರೀಕ್ಷೆ ಹೊಚ್ಚ ಹೊಸ ವಿಷಯ.

ಕರ್ನಾಟಕದಲ್ಲಿ ಇದನ್ನು ಬಹಳ ಹಿಂದೆಯೇ ಮಾಡಿ ತೋರಿಸಿದವರಿದ್ದಾರೆ. 1988ರಲ್ಲಿ ಪುತ್ತೂರಿನಿಂದ ಹೊರಡಲಾರಂಭಿಸಿದ ‘ಅಡಿಕೆ ಪತ್ರಿಕೆ’ ಹೆಸರಿನಲ್ಲಿಯೇ ಒಂದು ಬೆಳೆಯನ್ನು ಇಟ್ಟುಕೊಂಡ ಮಾಸಿಕ. ಶ್ರೀಪಡ್ರೆಯವರು ಮತ್ತು ಅವರ ಸಂಗಡಿಗರು ರೈತನ ಬಗ್ಗೆ ಬೇರೆಯವರು ಬರೆಯುವ ಪದ್ಧತಿಯನ್ನು ಬಿಟ್ಟು, ರೈತರೇ ಬರೆಯಬೇಕೆಂದು ಹಟ ಹಿಡಿದರು, ಅದಕ್ಕಾಗಿ ತರಬೇತಿ ಕಮ್ಮಟಗಳನ್ನು ನಡೆಸಿದರು, ಲೇಖನದ ಕೊನೆಯಲ್ಲಿ ಆ ಕೃಷಿಕರ ಫೋನ್ ನಂಬರನ್ನು ಕೊಡುವ ಪರಿಪಾಠ ಇಟ್ಟುಕೊಂಡರು. ಈ ನಂಬರ್ ಕೊಡುವ ಕ್ರಮಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ಓದಿದವನು ಫೋನು ಮಾಡಿ ವಿಚಾರಿಸಬಹುದು ಎಂದು ಗೊತ್ತಿರುವ ಲೇಖಕ ‘ಸೂಕ್ತ ಪ್ರಮಾಣದಲ್ಲಿ ಬೆರೆಸಬೇಕು’ ಎಂದು ಬರೆಯಲಾರ, ಎಷ್ಟು ಕೆ.ಜಿ., ಎಷ್ಟು ಲೀಟರ್, ಯಾವ ತಿಂಗಳು ಎಂದು ಬರೆಯಲೇಬೇಕಾಗುತ್ತದೆ. ಬರವಣಿಗೆ ಅಲ್ಲಿಗೇ ಅರ್ಧ ಸುಧಾರಿಸುತ್ತದೆ. ಹೆಸರಿನಲ್ಲಿ ಅಡಿಕೆ ಇದ್ದರೂ ಆ ಪತ್ರಿಕೆ ಹಲಸಿನ ಬಗ್ಗೆ ಮಾಡಿದ ಕೆಲಸ ಇಂದು ರಾಜ್ಯದಾಚೆಗೂ ಗೊತ್ತಿದೆ ಎಂಬುದನ್ನು, ಸಣ್ಣ ವಿಷಯ ಹಿಡಿದರೆ ಅದರಲ್ಲಿಯೇ ಸಿಕ್ಕಿಕೊಳ್ಳುತ್ತೇವೆ ಎಂದು ಹೆದರುವವರು ಗಮನಿಸಬೇಕು.

ವಕೀಲರ ವಿಷಯದಲ್ಲಿ ಅಡ್ಡಿ ಬೇರೆ ರೀತಿಯದು. ಅವರಿಗೆ ಖಚಿತವಾಗಿ ಬರೆಯಲು ಭಯ, ಆ ಭಯಕ್ಕೆ ಕಾರಣವೂ ಇದೆ. ಧಾರವಾಡದ ವಕೀಲೆಯೊಬ್ಬರು ಮಹಿಳೆಯರ ಹಕ್ಕುಗಳ ಬಗ್ಗೆ ಬರೆದದ್ದನ್ನು ತಿದ್ದುವಾಗ, ನಿಮ್ಮಲ್ಲಿಗೆ ಬರುವ ಹೆಣ್ಣುಮಕ್ಕಳು ಕೇಳುವ ಮೊದಲ ಪ್ರಶ್ನೆ ಯಾವುದು ಎಂದು ವಿಚಾರಿಸಿದೆ. ಅವರು ತಡವರಿಸದೆ ಹೇಳಿದರು: “ಅಪ್ಪ 2005ಕ್ಕಿಂತ ಮೊದಲೇ ತೀರಿಕೊಂಡಾರ, ನನಗ ಪಾಲು ಬರತೈತೇನ್ರೀ ಅಂತ ಕೇಳ್ತಾರ.” ಹಾಗಾದರೆ ಅದೇ ಶೀರ್ಷಿಕೆಯಾಗಲಿ ಎಂದೆ. ಅವರು ಒಪ್ಪಲು ಬಹಳ ದಿನ ಬೇಕಾಯಿತು. ಕೊನೆಗೆ ಬರೆದಾಗ ಉತ್ತರ ಮೊದಲ ಪ್ಯಾರಾದಲ್ಲಿಯೇ ಇತ್ತು: ಒಟ್ಟು ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳ ಹಕ್ಕು ಹುಟ್ಟಿನಿಂದ ಬರುತ್ತದೆ, ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಜೀವಂತ ಇರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿದೆ. ಎರಡನೆಯ ಪ್ಯಾರಾದಲ್ಲಿ ಮಿತಿಗಳು: 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಕ್ರಮಬದ್ಧವಾಗಿ ವಿಭಾಗ ಆಗಿದ್ದರೆ ಅದು ಹಾಗೆಯೇ ಉಳಿಯುತ್ತದೆ, ತಂದೆ ಸ್ವಂತವಾಗಿ ಸಂಪಾದಿಸಿದ ಆಸ್ತಿಯ ಲೆಕ್ಕ ಬೇರೆ, ಕಾಗದಪತ್ರ ನೋಡದೆ ಯಾರದೇ ಪ್ರಕರಣದ ಬಗ್ಗೆ ಕೊನೆಯ ಮಾತು ಹೇಳಲಾಗದು. ವೃತ್ತಿಯ ಎಚ್ಚರಿಕೆ ಇರಬೇಕಾದ ಜಾಗ ಇದು. ಎಚ್ಚರಿಕೆಯ ಹೆಸರಿನಲ್ಲಿ ಉತ್ತರವನ್ನೇ ಕೊಡದೆ, ವೇದಕಾಲದಲ್ಲಿ ಸ್ತ್ರೀಯ ಸ್ಥಾನಮಾನದಿಂದ ಆರಂಭಿಸಿ ನಾಲ್ಕು ಪುಟ ಬರೆದು, ಕೊನೆಯಲ್ಲಿ ‘ತಜ್ಞರನ್ನು ಸಂಪರ್ಕಿಸಿ’ ಎನ್ನುವುದು ಓದುವವಳ ಸಮಯಕ್ಕೆ ಮಾಡುವ ಅನ್ಯಾಯ. ಆಕೆ ತಜ್ಞರನ್ನು ಹುಡುಕಿಕೊಂಡೇ ಅಲ್ಲಿಗೆ ಬಂದಿದ್ದಾಳೆ.

ಪೀಠಿಕೆಯ ಮೋಹ ನಮ್ಮವರಿಗೆ ಶಾಲೆಯ ಪ್ರಬಂಧದಿಂದ ಅಂಟಿಕೊಂಡದ್ದು ಎಂದು ನನ್ನ ಊಹೆ. ಪೀಠಿಕೆ, ವಿಷಯ ವಿಸ್ತಾರ, ಉಪಸಂಹಾರ ಎಂಬ ಮೂರು ಭಾಗಗಳಿಗೆ ಅಂಕ ಸಿಗುತ್ತಿತ್ತು. ನಾನು ತಿದ್ದುವಾಗ ಮೊದಲು ಮಾಡುವ ಕೆಲಸವೆಂದರೆ, ಲೇಖನದಲ್ಲಿ ಮೊದಲ ಸಂಖ್ಯೆ, ಮೊದಲ ಊರಿನ ಹೆಸರು ಅಥವಾ ಮೊದಲ ವಸ್ತು ಎಲ್ಲಿ ಬರುತ್ತದೆ ಎಂದು ಗುರುತು ಹಾಕುವುದು. ಅನೇಕ ಸಲ ಬರಹ ನಿಜವಾಗಿ ಆರಂಭವಾಗುವುದು ಅಲ್ಲಿಂದಲೇ, ಅದರ ಮೇಲಿನದನ್ನು ತೆಗೆದರೂ ಯಾವ ನಷ್ಟವೂ ಆಗುವುದಿಲ್ಲ. ಲೇಖಕರಿಗೆ ಇದರಿಂದ ನೋವಾಗುತ್ತದೆ ಎಂದು ನನಗೆ ಗೊತ್ತಿದೆ. ಕಷ್ಟಪಟ್ಟು ಬರೆದದ್ದೇ ಆ ಭಾಗವಾಗಿರುತ್ತದೆ.

ತಾಂತ್ರಿಕ ಸಂಗತಿಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಇವೆರಡರಿಂದ ಒಳ್ಳೆಯ ಬರಹಗಳೂ ಕಳೆದುಹೋಗುತ್ತಿವೆ. ಅಕ್ಷರಗಳನ್ನು ಚಿತ್ರವಾಗಿಸಿ ಹಂಚುವ ಅಭ್ಯಾಸ ವಾಟ್ಸಾಪ್ ಬಂದ ಮೇಲೆ ಹೆಚ್ಚಾಗಿದೆ. ಚಂದದ ಹೂವಿನ ಅಂಚು ಹಾಕಿದ ಆ ಚಿತ್ರದೊಳಗಿನ ಕನ್ನಡವನ್ನು ಹುಡುಕಾಟದ ಯಂತ್ರ ಸರಿಯಾಗಿ ಓದಿಕೊಳ್ಳುತ್ತದೆಂದು ನಂಬಿ ಕೂರುವಂತಿಲ್ಲ, ಕಣ್ಣು ಕಾಣದವರ ಮೊಬೈಲು ಅದನ್ನು ಓದಿ ಹೇಳುತ್ತದೆಂಬ ಭರವಸೆಯೂ ಇಲ್ಲ. ಎರಡನೆಯದು, ನುಡಿ ಮತ್ತು ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಲೇಖನಗಳು. ಅವನ್ನು ಯುನಿಕೋಡಿಗೆ, ಅಂದರೆ ಎಲ್ಲ ಯಂತ್ರಗಳೂ ಗುರುತಿಸುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸದೆ ಹಾಕಿದರೆ ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಪರಿವರ್ತಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಬೇಕು, ಅಲ್ಲಿ ತಪ್ಪು ಉಳಿಯುವುದು ಸಾಮಾನ್ಯ.

ಹಣ ಕೊಟ್ಟು ಓದುಗರನ್ನು ತರಿಸಿಕೊಳ್ಳುವ ಬಗ್ಗೆಯೂ ಕೇಳುತ್ತಾರೆ. ಜಾಹೀರಾತಿನಿಂದ ಪುಟ ತೆರೆದವರ ಸಂಖ್ಯೆ ಏರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅವರು ಮತ್ತೆ ಬರುತ್ತಾರೆಯೇ ಎಂಬುದು ಬರಹದ ಮೇಲೆ ನಿಂತಿದೆ. ಹಿಂದಿನ ಕಾಲದ ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ್ದನ್ನು ಪ್ರಚಾರಕ್ಕೆ ಉದಾಹರಣೆಯಾಗಿ ಹೇಳುವವರಿದ್ದಾರೆ. ಅವರು ಹೊತ್ತು ತಂದದ್ದನ್ನು ಜನ ಓದಿ, ಮುಂದಿನದಕ್ಕೆ ಕಾದರು ಎಂಬುದನ್ನು ಮರೆಯಬಾರದು. ವಾರಕ್ಕೊಂದು ಬರೆಯಬೇಕೇ, ತಿಂಗಳಿಗೊಂದು ಸಾಕೇ ಎಂಬ ಪ್ರಶ್ನೆಗೆ ನನ್ನ ಬಳಿ ಎಲ್ಲರಿಗೂ ಹೊಂದುವ ಉತ್ತರವಿಲ್ಲ. ಒಪ್ಪಿಕೊಂಡ ದಿನಕ್ಕೆ ಕೊಡಲು ಸಾಧ್ಯವಾಗುವಷ್ಟನ್ನೇ ಒಪ್ಪಿಕೊಳ್ಳಿ ಎನ್ನುತ್ತೇನೆ. ಕಾಲವನ್ನು ನೋಡಿ ಬರೆಯುವುದು ಅದಕ್ಕಿಂತ ಮುಖ್ಯ: ಬೋರ್ಡೋ ಲೇಖನ ಆಗಸ್ಟಿನಲ್ಲಿ ಬಂದರೆ ಮೊದಲ ಸಿಂಪಡಣೆ ಮುಗಿದಿರುತ್ತದೆ, ಮೇ ಕೊನೆಯೊಳಗೆ ಅದು ಸಿದ್ಧವಿರಬೇಕು.

ಬರಹ ಪ್ರಕಟವಾದ ಮೇಲೆ ಬರುವ ಪ್ರಶ್ನೆಗಳನ್ನು ದಯವಿಟ್ಟು ಉಪೇಕ್ಷಿಸಬೇಡಿ. ತೀರ್ಥಹಳ್ಳಿಯ ಹಿರಿಯರು ಕತ್ತಿಯ ಪರೀಕ್ಷೆಯ ಬಗ್ಗೆ ಬರೆದಾಗ, ಸ್ಪ್ರೇ ಮಾಡಿ ಎಷ್ಟು ಹೊತ್ತಿಗೆ ಮಳೆ ಬಂದರೆ ಮತ್ತೆ ಹೊಡೆಯಬೇಕು ಎಂದು ಒಬ್ಬರು ಕೇಳಿದರು, ಸುಣ್ಣ ಚಿಪ್ಪಿನದೇ ಆಗಬೇಕೇ, ಕಲ್ಲಿನದಾದರೂ ನಡೆಯುತ್ತದೆಯೇ ಎಂದು ಇನ್ನೊಬ್ಬರು ಕೇಳಿದರು. ಮುಂದಿನ ಎರಡು ಲೇಖನಗಳಿಗೆ ವಿಷಯ ಹಾಗೆ ಸಿಕ್ಕಿತು, ಕೇಳಿದವರು ತಮ್ಮ ಗುಂಪುಗಳಲ್ಲಿ ತಾವೇ ಹಂಚಿದರು. ವೈದ್ಯರು ಮಾತ್ರ ಇಲ್ಲಿ ಎಚ್ಚರವಾಗಿರಬೇಕು: ರೋಗಿಯನ್ನು ನೋಡದೆ ಔಷಧದ ಪ್ರಮಾಣ ಹೇಳುವುದು ಸಲ್ಲದು, ಗುರುತು ಸಿಗುವಂತೆ ರೋಗಿಯ ವಿವರ ಬರೆಯುವುದೂ ಸಲ್ಲದು. ಯಾವ ಲಕ್ಷಣ ಕಂಡರೆ ಬೆಳಗಿನವರೆಗೆ ಕಾಯಬಾರದು ಎಂಬುದನ್ನು ಬರೆಯಲು ಯಾವ ಅಡ್ಡಿಯೂ ಇಲ್ಲ, ಜನ ಹುಡುಕುವುದು ಹೆಚ್ಚಾಗಿ ಅದನ್ನೇ.

ಹಳೆಯ ಲೇಖನಗಳನ್ನು ತಿದ್ದುವ ಹೊಣೆಯೂ ಬರೆದವರದೇ. ತಂದೆ ಮತ್ತು ಮಗಳು ಇಬ್ಬರೂ 2005ರ ಆ ದಿನ ಜೀವಂತ ಇರಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಕರ್ನಾಟಕದ ಪ್ರಕರಣವೊಂದರಲ್ಲಿ ಹೇಳಿತ್ತು. ಅದನ್ನು ಆಧರಿಸಿ 2016ರಲ್ಲಿ ಬರೆದ ಲೇಖನ ಆ ದಿನಕ್ಕೆ ಸರಿಯಾಗಿಯೇ ಇತ್ತು, 2020ರ ತೀರ್ಪಿನ ನಂತರ ಅದೇ ಲೇಖನ ಓದಿದ ಹೆಣ್ಣುಮಗಳು ತನಗೆ ಹಕ್ಕಿಲ್ಲವೆಂದು ತಿಳಿದು ಸುಮ್ಮನಾಗಬಹುದು. ಅದನ್ನು ಅಳಿಸಿಹಾಕುವ ಅಗತ್ಯವಿಲ್ಲ. ಶೀರ್ಷಿಕೆಯ ಕೆಳಗೆ ದಿನಾಂಕ ಹಾಕಿ, ಕಾನೂನು ಈಗ ಬದಲಾಗಿದೆ, ಹೊಸ ವಿವರ ಇಲ್ಲಿದೆ ಎಂದು ಎರಡು ಸಾಲು ಬರೆದು ಹೊಸ ಲೇಖನದ ಲಿಂಕ್ ಕೊಟ್ಟರೆ ಸಾಕು. ಧಾರವಾಡದ ವಕೀಲೆ ಈಗ ಪ್ರತಿ ವರ್ಷ ಕೋರ್ಟಿನ ಬೇಸಿಗೆ ರಜೆಯಲ್ಲಿ ತಮ್ಮ ಎಲ್ಲ ಹಳೆಯ ಲೇಖನಗಳನ್ನೂ ಒಮ್ಮೆ ಓದಿ ಈ ಕೆಲಸ ಮುಗಿಸುತ್ತಾರೆ.