ಬಂದೂಕು ಬೇಡವೆಂದವರಿಗೆ ಗಡಿ ತೆರೆದದ್ದೆಷ್ಟು?

1969ರ ಫೆಬ್ರುವರಿಯಲ್ಲಿ ಟೊರಾಂಟೊದ ಐವರು ಕಾಲೇಜು ವಿದ್ಯಾರ್ಥಿಗಳು ಒಂದು ನಾಟಕ ಹೂಡಿದರು. ಅಮೆರಿಕದ ವಾಯುಪಡೆ ತೊರೆದು ಬಂದಿದ್ದ ಒಬ್ಬನ ಕಾಗದಪತ್ರಗಳ ನಕಲು ಹಿಡಿದು, ಐವರೂ ತಾವೇ ಆತನೆಂದು ಹೇಳಿಕೊಂಡು ಕೆನಡಾದ ಗಡಿಠಾಣೆಗಳಲ್ಲಿ ವಲಸೆಗೆ ಅರ್ಜಿ ಹಾಕಿದರು. ಓದು, ವಯಸ್ಸು, ಭಾಷೆ ನೋಡಿ ಅಂಕ ಕೊಡುವ ಪದ್ಧತಿ ಆಗ ಜಾರಿಯಲ್ಲಿತ್ತು. ಸೈನ್ಯದ ಪ್ರಸ್ತಾಪವೇ ಅದರಲ್ಲಿ ಇರಲಿಲ್ಲ. ಆದರೂ ಐವರನ್ನೂ ಹಿಂದಕ್ಕಟ್ಟಲಾಯಿತು. ಸೈನ್ಯ ಬಿಟ್ಟು ಬಂದವರನ್ನು ಒಳಗೆ ಬಿಡಬೇಡಿ ಎಂಬ ಗುಟ್ಟಿನ ಸೂಚನೆ ಅಧಿಕಾರಿಗಳ ಕೈಯಲ್ಲಿದ್ದದ್ದು ಹೀಗೆ ಬಯಲಾಯಿತು. ಸರ್ಕಾರಕ್ಕೆ ಮುಜುಗರವಾಯಿತು. ಮೇ 22ರಂದು ವಲಸೆ ಸಚಿವರು, ಅರ್ಜಿದಾರರ ಸೈನ್ಯಸೇವೆಯ ವಿಚಾರವನ್ನು ಇನ್ನು ಮುಂದೆ ಕೇಳುವುದಿಲ್ಲ ಎಂದು ಸಂಸತ್ತಿನಲ್ಲಿ ಪ್ರಕಟಿಸಿದರು.

ವಿಯೆಟ್ನಾಂ ಯುದ್ಧ ಒಲ್ಲೆನೆಂದು ಹತ್ತಾರು ಸಾವಿರ ಅಮೆರಿಕನ್ ಯುವಕರು ಕೆನಡಾ ಸೇರಿದ್ದು ಇಂದಿಗೂ ಆ ದೇಶದ ಹೆಮ್ಮೆಯ ಕಥೆ. ಆದರೆ ಅವರು ನಿರಾಶ್ರಿತರಾಗಿ ಬಂದವರಲ್ಲ, ಮಾಮೂಲಿ ವಲಸಿಗರಾಗಿ ಬಂದವರು. ಕಾಲೇಜು ಓದಿದ್ದ, ಕಡ್ಡಾಯ ಭರ್ತಿಯ ಕರೆಯೋಲೆಗೆ ಓಗೊಡದೆ ಬಂದ ಮಧ್ಯಮ ವರ್ಗದ ಹುಡುಗನಿಗೆ ಅಂಕ ಸುಲಭವಾಗಿ ಸಿಗುತ್ತಿತ್ತು. ಬಡತನದಿಂದ ಸೈನ್ಯ ಸೇರಿ, ಯುದ್ಧ ಕಂಡ ಮೇಲೆ ಓಡಿಬಂದವನಿಗೆ ಸಿಗುತ್ತಿರಲಿಲ್ಲ. 1977ರ ಜನವರಿ 21ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಕ್ಷಮಾದಾನ ಕೊಟ್ಟಾಗಲೂ ಅದು ಮೊದಲನೆಯವನಿಗೆ ದಕ್ಕಿತೇ ಹೊರತು ಎರಡನೆಯವನಿಗಲ್ಲ. ಯುದ್ಧದ ಅನುಭವದಿಂದ ಮನಸ್ಸು ತಿರುಗಿದವನ ಆತ್ಮಸಾಕ್ಷಿ ಏಕೆ ಕಡಿಮೆ ಬೆಲೆಯದ್ದಾಯಿತೋ, ಯಾವ ಸರ್ಕಾರವೂ ವಿವರಿಸಿಲ್ಲ.

ವಲಸೆಯ ದಾರಿ ಮುಚ್ಚಿದ ಮೇಲೆ ಉಳಿಯುವುದು ನಿರಾಶ್ರಿತರ ಕಾನೂನು. ಅದರ ಬುನಾದಿಯಾದ 1951ರ ಜಿನೀವಾ ಒಪ್ಪಂದ ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಎಂಬ ಐದು ಕಾರಣಗಳ ಕಿರುಕುಳವನ್ನಷ್ಟೇ ಪರಿಗಣಿಸುತ್ತದೆ. ಯುದ್ಧ ಆ ಪಟ್ಟಿಯಲ್ಲಿಲ್ಲ. ಸೈನ್ಯ ನಿರಾಕರಿಸಿದ್ದಕ್ಕೆ ಸಿಗುವ ಶಿಕ್ಷೆಯೂ ತನ್ನಷ್ಟಕ್ಕೆ ಕಿರುಕುಳವೆನಿಸುವುದಿಲ್ಲ. ಅಂತರರಾಷ್ಟ್ರೀಯ ಸಮುದಾಯ ಖಂಡಿಸಿದ ಯುದ್ಧಕಾರ್ಯದಲ್ಲಿ ಪಾಲ್ಗೊಳ್ಳಲು ಒಪ್ಪದವನ ವಿಚಾರ ಬೇರೆ ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ತನ್ನ 1979ರ ಕೈಪಿಡಿಯಲ್ಲಿ ಬರೆಯಿತು. ಆದರೆ ಪ್ರಬಲ ರಾಷ್ಟ್ರವೊಂದರ ಯುದ್ಧವನ್ನು ಖಂಡಿಸುವವರು ಯಾರು?

ಈ ಪ್ರಶ್ನೆ ಜೆರೆಮಿ ಹಿನ್ಜ್‌ಮನ್ ಪ್ರಕರಣದಲ್ಲಿ ಎದ್ದು ನಿಂತಿತು. ಸ್ವಇಚ್ಛೆಯಿಂದ ಅಮೆರಿಕದ ಸೈನ್ಯ ಸೇರಿದ್ದ ಈತ, ಇರಾಕಿಗೆ ಹೋಗಲು ಒಪ್ಪದೆ 2004ರಲ್ಲಿ ಕೆನಡಾಕ್ಕೆ ಬಂದು ಆಶ್ರಯ ಕೇಳಿದ. ಯುದ್ಧ ಕಾನೂನುಬದ್ಧವೇ ಎಂಬುದು ತನಗೆ ಸಂಬಂಧಿಸಿದ್ದಲ್ಲ ಎಂದ ನಿರಾಶ್ರಿತರ ಮಂಡಳಿ, ಮರುವರ್ಷ ಅರ್ಜಿ ತಿರಸ್ಕರಿಸಿತು. 2008ರ ಜೂನ್ 3ರಂದು ಕೆನಡಾದ ಕೆಳಮನೆ ಇಂಥವರಿಗೆ ನೆಲೆ ಕೊಡಿ ಎಂದು 137–110 ಮತಗಳಿಂದ ಹೇಳಿತು. ಆ ನಿರ್ಣಯ ಸರ್ಕಾರವನ್ನು ಕಟ್ಟಿಹಾಕುವಂಥದ್ದಲ್ಲ. ಮುಂದಿನ ತಿಂಗಳೇ ಸೈನ್ಯ ತೊರೆದ ಇನ್ನೊಬ್ಬನನ್ನು ಗಡಿಪಾರು ಮಾಡಲಾಯಿತು.

ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಸ್ವಲ್ಪ ಮುಂದೆ ಹೋಯಿತು. ಸಿರಿಯಾದ ಅಂತರ್ಯುದ್ಧದಲ್ಲಿ ಸೇನೆಗೆ ಸೇರಲು ನಿರಾಕರಿಸುವುದಕ್ಕೂ ರಾಜಕೀಯ ಅಭಿಪ್ರಾಯದಂಥ ಕಾರಣಕ್ಕೂ ನಂಟಿದೆಯೆಂದು ಬಲವಾಗಿ ಊಹಿಸಬಹುದು ಎಂದು 2020ರ ನವೆಂಬರಿನಲ್ಲಿ ತೀರ್ಪಿತ್ತಿತು.

ಎರಡೇ ವರ್ಷದಲ್ಲಿ ಪರೀಕ್ಷೆ ಬಂತು. ಉಕ್ರೇನಿನಿಂದ ಓಡಿಬಂದವರಿಗಾಗಿ ಯುರೋಪಿಯನ್ ಒಕ್ಕೂಟ, 2001ರಿಂದ ಒಮ್ಮೆಯೂ ಬಳಸದೆ ಇಟ್ಟುಕೊಂಡಿದ್ದ ತಾತ್ಕಾಲಿಕ ರಕ್ಷಣೆಯ ನಿಯಮವನ್ನು 2022ರ ಮಾರ್ಚ್‌ನಲ್ಲಿ ಜಾರಿಗೆ ತಂದಿತು. ಸೆಪ್ಟೆಂಬರ್ 21ರಂದು ರಷ್ಯಾ 3 ಲಕ್ಷ ಮಂದಿಯ ಸೇನಾಭರ್ತಿ ಘೋಷಿಸಿದಾಗ ಅಲ್ಲಿನ ಯುವಕರು ಜಾರ್ಜಿಯಾ, ಕಜಕಸ್ತಾನಗಳತ್ತ ಧಾವಿಸಿದರು. ಬಾಲ್ಟಿಕ್ ದೇಶಗಳಾದ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳು ರಷ್ಯನ್ ಪ್ರವಾಸಿಗಳಿಗೆ ಆಗಲೇ ಬಾಗಿಲು ಹಾಕಿಯಾಗಿತ್ತು. ಫಿನ್ಲೆಂಡ್ ಒಂಬತ್ತು ದಿನಗಳಲ್ಲಿ ಅದನ್ನೇ ಮಾಡಿತು. ಆಶ್ರಯ ಕೇಳುವ ಹಕ್ಕು ಕಾಗದದ ಮೇಲೆ ಹಾಗೇ ಇತ್ತು, ಆದರೆ ಕೇಳಬೇಕಾದರೆ ಮೊದಲು ಗಡಿ ದಾಟಬೇಕು. ಉಕ್ರೇನ್ ಕೂಡ ಯುದ್ಧದ ಮೊದಲ ದಿನವೇ 18ರಿಂದ 60 ವಯಸ್ಸಿನ ತನ್ನ ಗಂಡಸರು ಹೊರಹೋಗದಂತೆ ತಡೆದಿತ್ತು. 22 ವರ್ಷದವರೆಗಿನವರಿಗೆ ವಿನಾಯಿತಿ ಸಿಕ್ಕಿದ್ದು 2025ರ ಆಗಸ್ಟಿನಲ್ಲಿ.